ನಾಲ್ಕನೆಯ ಪೀಪಾಯಿ

ಮಾರ್ಚ್ 4

ಪ್ರೀತಿಯ ಅಕ್ಕನಿಗೆ,

ಈ ಪತ್ರದ ಜೊತೆ ಬಂದಿರುವ ಪೆಟ್ಟಿಗೆಯನ್ನು ತಲೆಕೆಳಗು ಮಾಡಬೇಡ. ಒಳಗೆ ನಾಲ್ಕು ಪುಟ್ಟ ಬಾಟಲಿಗಳಿವೆ. ಕೊರಳಿಗೆ ಒಂದರಿಂದ ನಾಲ್ಕರವರೆಗೆ ಚೀಟಿ ಕಟ್ಟಿದ್ದೇನೆ. ನಾಲ್ಕು ಪೀಪಾಯಿ, ನಾಲ್ಕು ಬಾಟಲಿ. ಎಲ್ಲದರಲ್ಲೂ ಇರುವುದು ಒಂದೇ ಕಪ್ಪು ಬಿಯರ್, ಕಳೆದ ಸೆಪ್ಟೆಂಬರಿನಲ್ಲಿ ಒಂದೇ ದಿನ ನಾನೇ ಕುದಿಸಿದ್ದು. ಆದರೆ ಹಿಂದೆ ವಿಸ್ಕಿ ತುಂಬಿದ್ದ ಪೀಪಾಯಿಗಳೊಳಗೆ ಆರು ತಿಂಗಳು ಕೂತ ಮೇಲೆ ಒಂದೊಂದಕ್ಕೂ ಒಂದೊಂದು ಬುದ್ಧಿ ಬರುತ್ತದೆ. ಒಂದೇ ಮನೆಯಲ್ಲಿ ಬೆಳೆದ ನಾವಿಬ್ಬರು ಬೇರೆಬೇರೆ ಆಗಲಿಲ್ಲವೇ, ಹಾಗೆ.

ನಾಲ್ಕನೆಯದರ ಸುದ್ದಿ ಕೇಳಿದರೆ ನೀನು ಕುರ್ಚಿಯಿಂದ ಏಳುತ್ತೀಯ. ವಿಸ್ಕಿ ಕಾರ್ಖಾನೆಯವರಿಂದ ಹಳೆಯ ಪೀಪಾಯಿಗಳನ್ನು ತರಿಸಿದ್ದೆವಲ್ಲ, ಬಿಯರ್ ತುಂಬುವ ಮೊದಲು ಒಂದನ್ನು ಉರುಳಿಸಿ ತೊಳೆಯುವಾಗ ತಳದಲ್ಲಿ ಮೂರು ಗೀರು ಕಾಣಿಸಿತು. ಮಧ್ಯದ ಗೀರು ಗಿಡ್ಡ. ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಅಪ್ಪ ಪೀಪಾಯಿ ಕಟ್ಟಿ ಮುಗಿಸಿದ ಮೇಲೆ ಉಳಿಯಿಂದ ಎಳೆಯುತ್ತಿದ್ದ ಗುರುತು ಇನ್ಯಾರದ್ದು? ಅಪ್ಪ ಹೋಗಿ ಆರು ವರ್ಷವಾಯಿತು. ಅವನ ಕೈಯ ಪೀಪಾಯಿ ಎಲ್ಲೆಲ್ಲೋ ಸುತ್ತಿ ನನ್ನ ಮುಂದೆ ಬಂದು ನಿಂತಿದೆ. ಇದನ್ನು ನಿನಗೆ ಎದುರಿಗೇ ಹೇಳಬೇಕೆಂದು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನೀನು ಬರುವ ಹಾಗೆ ಕಾಣಲಿಲ್ಲ.

ನಮ್ಮ ಯಜಮಾನತಿಯ ಯೋಜನೆ ಇಷ್ಟು. ಈ ಸೆಪ್ಟೆಂಬರಿಗೆ ನಮ್ಮ ಬ್ರೂವರಿಗೆ ಹತ್ತು ವರ್ಷ. ಅಷ್ಟರೊಳಗೆ ನಾಲ್ಕೂ ಪೀಪಾಯಿಗಳನ್ನು ಒಂದೇ ಟ್ಯಾಂಕಿನಲ್ಲಿ ಬೆರೆಸಿ ಬಾಟಲಿಗೆ ತುಂಬಬೇಕು. ಒಂದು ಸಲ ಬೆರೆಸಿದರೆ ಮುಗಿಯಿತು, ಬೇರ್ಪಡಿಸುವ ಮಾತಿಲ್ಲ. ಯಾವುದು ಬೆರೆಯಬೇಕು, ಯಾವುದು ಬೇಡ ಎನ್ನುವುದು ನಿನ್ನ ನಾಲಿಗೆಗೆ ಬಿಟ್ಟಿದ್ದು. ಇಪ್ಪತ್ತೇಳು ವರ್ಷ ದೊಡ್ಡ ಬ್ರೂವರಿಯ ರುಚಿ ಕೋಣೆಯನ್ನು ನಡೆಸಿದವಳು ಅಕ್ಕನಾಗಿರುವಾಗ ನಾನು ಹೊರಗಿನವರ ಮನೆ ಬಾಗಿಲು ತಟ್ಟಲೇ?

ಫೋನ್ ಮಾಡುವುದಿಲ್ಲ. ನೀನೇ ಕಲಿಸಿದ ನಿಯಮ: ರುಚಿಯ ಮಾತು ಕಾಗದದ ಮೇಲೆ ಮಾತ್ರ, ಎದುರಿನವರ ದನಿ ಕೇಳಿದರೆ ನಾಲಿಗೆ ಅವರ ಕಡೆಗೆ ವಾಲುತ್ತದೆ. ಕಳಿಸುವವನು ತನ್ನ ಅನಿಸಿಕೆ ಹೇಳಬಾರದು ಎಂಬುದೂ ನಿನ್ನದೇ ನಿಯಮ. ಅದನ್ನು ಮುರಿಯುತ್ತಿದ್ದೇನೆ, ಬೈಯಿ. ನನಗೆ ಸುಟ್ಟ ಕಾಫಿಬೀಜ, ಕಾಕಂಬಿ, ಒಣದ್ರಾಕ್ಷಿ ಸಿಕ್ಕಿದವು. ನಾಲ್ಕನೆಯದರಲ್ಲಿ ಮರದಿಂದ ಇಳಿದ ವೆನಿಲಾ ಇದೆ. ಹೌದೋ ಅಲ್ಲವೋ ನೀನು ಹೇಳು.

ನಿನ್ನ ತಮ್ಮ


ಮಾರ್ಚ್ 20

ನನ್ನ ಗೊಣಗನಿಗೆ,

ಅಪ್ಪನ ಪೀಪಾಯಿಯ ವಿಷಯ ಓದಿದೆ. ಸಂಜೆ ಅಪ್ಪ ಮನೆಗೆ ಬಂದರೆ ತೋಳಿನ ಕೂದಲಿಗೆ ಮರದ ಹೊಟ್ಟು ಅಂಟಿರುತ್ತಿತ್ತು, ನೆನಪಿದೆಯಾ? ನಾನು ಊದುತ್ತಿದ್ದೆ, ನೀನು ಸೀನುತ್ತಿದ್ದೆ.

ಇನ್ನು ಕೆಲಸದ ಮಾತು. ಬೆಳಿಗ್ಗೆ ಬರೀ ಬಿಸ್ಕತ್ತು ತಿಂದು, ಕೈಗೆ ಸೋಪು ತಾಗಿಸದೆ, ಕಿಟಕಿಯ ಪಕ್ಕ ಬಿಳಿ ಕಾಗದ ಹಾಸಿ ನಾಲ್ಕು ಗ್ಲಾಸು ಇಟ್ಟೆ. ಒಂದನೆಯದರಲ್ಲಿ ಸುಟ್ಟ ಕಾಫಿಬೀಜವೇ ಮುಂದೆ ನಿಂತಿದೆ, ಕಹಿ ಹಿಂದಿನಿಂದ ನಿಧಾನ ಬರುತ್ತದೆ. ಎರಡನೆಯದು ಕಾಕಂಬಿ, ದಪ್ಪ, ತುಟಿಗೆ ಅಂಟುವಂಥದ್ದು. ಮೂರನೆಯದು ಇನ್ನೂ ಹುಡುಗಾಟದಲ್ಲಿದೆ, ಒಣದ್ರಾಕ್ಷಿಯಾಗಲು ಹೊರಟು ದ್ರಾಕ್ಷಿಯಾಗಿಯೇ ಉಳಿದಿದೆ. ನಾಲ್ಕನೆಯದರಲ್ಲಿ ನೀನು ಹೇಳಿದ ವೆನಿಲಾ ಇದೆ. ನುಂಗಿದ ಮೇಲೆ ಬಾಯಿಯ ಮೇಲ್ಭಾಗದಲ್ಲಿ ಬಿಸಿಲಿಗೆ ಕಾದ ಹಲಗೆಯ ವಾಸನೆ ಉಳಿಯುತ್ತದೆ. ನಾಲ್ಕನ್ನೂ ಅಲುಗಾಡಿಸದೆ ಹಾಗೇ ಬಿಡು.

ಮಿಕ್ಕಿದ್ದನ್ನು ಕೆಳಮನೆಯ ಲಿಫ್ಟ್ ರಿಪೇರಿಯವರಿಗೆ ಕೊಟ್ಟೆ. "ಚೆನ್ನಾಗೈತೆ ಮೇಡಂ, ಹೊಸಾ ಗ್ರೀಸ್ ಹಾಕ್ದಂಗೆ" ಅಂದರು. ಇದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

ಅಷ್ಟು ದೂರ ಬರುವ ಶಕ್ತಿ ಸದ್ಯಕ್ಕಿಲ್ಲ. ಮಂಡಿನೋವು.

ಅಕ್ಕ


ಮೇ 12

ಅಕ್ಕಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. "ಒಣದ್ರಾಕ್ಷಿಯಾಗಲು ಹೊರಟು ದ್ರಾಕ್ಷಿಯಾಗಿಯೇ ಉಳಿದಿದೆ" ಎಂದು ಬರೆದಿದ್ದೀಯಲ್ಲ, ಓದುವಾಗ ನನ್ನ ಬಾಯಲ್ಲೇ ಅದು ನಡೆದ ಹಾಗಾಯಿತು. ಯಜಮಾನತಿಗೂ ಓದಿ ಹೇಳಿದೆ. "ನಿಮ್ಮಕ್ಕ ಹೇಳಿದ್ದನ್ನೇ ಬಾಟಲಿ ಮೇಲೆ ಅಚ್ಚು ಹಾಕ್ಸೋಣ, ಹೊರಗಿನವ್ರ ರಿಪೋರ್ಟು ಯಾಕೆ ಬೇಕು?" ಅಂದರು. ನನ್ನ ರುಚಿ ಪುಸ್ತಕದಲ್ಲಿ ನಿನ್ನ ಮಾತುಗಳನ್ನು ಹಾಗೇ ಇಳಿಸಿಕೊಂಡಿದ್ದೇನೆ. ಇಬ್ಬರ ಅನಿಸಿಕೆಯೂ ಒಂದೇ ಆದಮೇಲೆ ಎರಡೆರಡು ಸಲ ಬರೆಯುವುದೇಕೆ?

ಎರಡನೆಯ ಸುತ್ತಿನ ಬಾಟಲಿಗಳು ಈ ಪೆಟ್ಟಿಗೆಯಲ್ಲಿವೆ. ಪೀಪಾಯಿಯ ಮುಖದಲ್ಲಿ ಬಡಿದಿರುವ ಸಣ್ಣ ಮೊಳೆಯನ್ನು ಇಕ್ಕಳದಿಂದ ಎಳೆದರೆ ಸೂಜಿಯಷ್ಟು ತೆಳ್ಳಗಿನ ಧಾರೆ ಚಿಮ್ಮುತ್ತದೆ. ಬಾಟಲಿ ಹಿಡಿದು ತುಂಬಿಸಿ ಮೊಳೆಯನ್ನು ಮತ್ತೆ ಒತ್ತುವುದು. ಅಪ್ಪನ ಪೀಪಾಯಿಯ ಮೊಳೆಯನ್ನು ಮಾತ್ರ ಬಹಳ ನಿಧಾನ ಎಳೆಯುತ್ತೇನೆ. ಈ ಸಲ ಚಾಕೊಲೆಟ್ ಬಂದಿರಬೇಕು, ಕಾಫಿ ಹಿಂದೆ ಸರಿದಿರಬೇಕು. ಹಾಗೇ ತಾನೇ?

ಮೊನ್ನೆ ಒಂದು ಪೆದ್ದು ಕೆಲಸವಾಯಿತು. ಒಲೆಯ ಮೇಲೆ ಹಾಲಿಟ್ಟು ನಿನ್ನ ಪತ್ರ ಓದುತ್ತಾ ಕೂತಿದ್ದೆ. ಹಾಲು ಉಕ್ಕಿ, ಪಾತ್ರೆ ಸೀದು, ಮನೆ ತುಂಬ ಹೊಗೆಯಾಗಿ ಪಕ್ಕದ ಮನೆಯವರು ಬಾಗಿಲು ಬಡಿದಾಗಲೇ ನಾನು ಎದ್ದದ್ದು. ಅಷ್ಟು ಮೈಮರೆತಿದ್ದೆ.

ನಿನ್ನ ತಮ್ಮ


ಮೇ 30

ಗೊಣಗಾ,

ಪತ್ರ ಓದಿ ಹಾಲು ಸೀಯಿಸುವಷ್ಟು ಚೆನ್ನಾಗಿ ನಾನು ಬರೆಯುವುದಿಲ್ಲ. ನೀನು ನಿದ್ದೆಗೆಟ್ಟು ದುಡಿಯುತ್ತಿದ್ದೀಯ, ಹೊತ್ತಿಗೆ ಸರಿಯಾಗಿ ತಿನ್ನುತ್ತಿಲ್ಲ, ಅದಕ್ಕೇ ಹೀಗೆ ಒಲೆಯ ಮುಂದೆ ತೂಕಡಿಸುತ್ತೀಯ. ಆ ಯಜಮಾನತಿಗೆ ಹೇಳಿ ಒಂದು ವಾರ ರಜೆ ತಗೊ. ಪೀಪಾಯಿಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಚಾಕೊಲೆಟ್ ಬಂದಿದೆ. ಹಾಲು ಹಾಕಿದ ಸಿಹಿ ಚಾಕೊಲೆಟ್ ಅಲ್ಲ, ಅಡುಗೆಗೆ ಬಳಸುವ ಕಪ್ಪು ಗಟ್ಟಿ. ಎರಡನೆಯದರ ಕಾಕಂಬಿ ಸ್ವಲ್ಪ ತೆಳುವಾಗಿ ಒಳ್ಳೆಯದೇ ಆಗಿದೆ. ಮೂರನೆಯದಕ್ಕೆ ಕೊನೆಗೂ ಬುದ್ಧಿ ಬಂದಿದೆ. ನಾಲ್ಕನೆಯದರ ಬಗ್ಗೆ ಏನು ಹೇಳಲಿ, ಅಪ್ಪ ಕೈ ಹಿಡಿದು ನಡೆಸಿದ ಹಾಗಿದೆ, ಎಲ್ಲೂ ಎಡವುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಪ್ರತಿ ಮಂಗಳವಾರ ಸಂಜೆ ಹೆಣಿಗೆ ಕಲಿಯಲು ಹೋಗುತ್ತೇನೆ. ಲೈಬ್ರರಿಯ ಹಿಂದಿನ ಕೋಣೆ, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಸಪ್ಪೆ ಚಹ. ಎಲ್ಲರೂ ಸುತ್ತ ಕೂತು ಮಾತಾಡುತ್ತೇವೆ. ನಿನ್ನ ಭಾವ ಹೋದ ಮೇಲೆ ಮನೆಯೊಳಗೇ ಇದ್ದು ಇದ್ದು ನನಗೂ ಸಾಕಾಗಿತ್ತು.

ಅಕ್ಕ


ಜುಲೈ 22

ಅಕ್ಕಾ,

ಹೆಣಿಗೆಯೇ! ಚಿಕ್ಕಂದಿನಲ್ಲಿ ನನ್ನ ಅಂಗಿಯ ಗುಂಡಿ ಹೊಲಿಯಲು ಹೋಗಿ ಅಂಗಿಯನ್ನು ನಿನ್ನ ಲಂಗಕ್ಕೇ ಸೇರಿಸಿ ಹೊಲಿದವಳು ನೀನು. ನನಗೊಂದು ಟೋಪಿ ಬೇಕು. ಪೀಪಾಯಿ ಇಟ್ಟಿರುವ ನೆಲಮಾಳಿಗೆ ಬಹಳ ತಣ್ಣಗಿರುತ್ತದೆ. ಬಣ್ಣ ಯಾವುದಾದರೂ ಸರಿ.

ಈಗ ಗಮನವಿಟ್ಟು ಓದು. ಇದು ಕೊನೆಯ ಸುತ್ತು. ಆಗಸ್ಟ್ 12ರಂದು ಬೆರೆಸುತ್ತೇವೆ. ಒಂದು, ಎರಡು, ಮೂರರ ಬಗ್ಗೆ ನನಗೆ ಯೋಚನೆಯಿಲ್ಲ. ನಾಲ್ಕನೆಯದರಲ್ಲಿ ಎರಡು ಹಲಗೆಗಳ ಸಂದಿಯಿಂದ ಸ್ವಲ್ಪ ಒಸರುತ್ತಿತ್ತು. ಜೂನಿನಲ್ಲಿ ಕಂಡು ಮೇಣ ಬಳಿದೆ, ನಿಂತಿತು. ಒಳಗೆ ಗಾಳಿ ಹೋಗಿದ್ದರೂ ಹೋಗಿರಬಹುದು. ಹುಳಿ ಅಳೆಯುವ ಮೀಟರ್ ಹಿಡಿದರೆ ಸಂಖ್ಯೆ ಮೊದಲಿಗಿಂತ ಕೆಳಗೆ, ಅಂದರೆ ಹುಳಿ ಹೆಚ್ಚಾಗಿದೆ ಎಂದು ತೋರಿಸುತ್ತಿದೆ. ಆ ಮೀಟರೂ ನನ್ನಷ್ಟೇ ಹಳೆಯದು, ಒಮ್ಮೊಮ್ಮೆ ನಲ್ಲಿ ನೀರಿಗೂ ಹುಳಿ ಅನ್ನುತ್ತದೆ. ಅದನ್ನು ಕಪಾಟಿನಲ್ಲಿ ಎತ್ತಿಟ್ಟಿದ್ದೇನೆ. ನಿನ್ನ ನಾಲಿಗೆಗಿಂತ ಆ ಡಬ್ಬಿ ದೊಡ್ಡದೇ?

ನೀನು ಬೇಡ ಎಂದರೆ ಅಪ್ಪನ ಪೀಪಾಯಿಯನ್ನು ಬದಿಗಿಟ್ಟು ಮೂರನ್ನೇ ಬೆರೆಸುತ್ತೇನೆ. ಯಜಮಾನತಿ ಒಪ್ಪಿದ್ದಾರೆ. ಒಂದು ಕೆಟ್ಟಿದ್ದರೆ ನಾಲ್ಕೂ ಹೋಗುತ್ತವೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಅಪ್ಪನದಿಲ್ಲದೆ ಇದನ್ನು ಮಾಡಲು ನನಗೆ ಮನಸ್ಸಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಪ್ರಕಾರ ವೆನಿಲಾ ಇನ್ನೂ ಆಳಕ್ಕೆ ಇಳಿದಿದೆ, ಕೊನೆಯಲ್ಲಿ ತೆಂಗಿನ ಹಾಗೆ ಏನೋ ಇದೆ. ಆಗಸ್ಟ್ 8ರೊಳಗೆ ಬರೆ.

ನಿನ್ನ ತಮ್ಮ


ಜುಲೈ 30

ಗೊಣಗಾ,

ಮೀಟರನ್ನು ಕಪಾಟಿನಲ್ಲೇ ಇರಿಸು. ನಾಲ್ಕನೆಯದು ನಾಲ್ಕರಲ್ಲಿ ಎಲ್ಲಕ್ಕಿಂತ ಚೆನ್ನಾಗಿದೆ. ವೆನಿಲಾ ಆಳಕ್ಕೆ ಇಳಿದಿದೆ, ತೆಂಗು ಇದೆ. ಅದರ ಕೆಳಗೆ ಕಾಕಂಬಿ ಗಟ್ಟಿಯಾಗಿ ಕೂತಿದೆ. ನುಂಗಿದ ಮೇಲೆ ನೂರು ಎಣಿಸಿದರೂ ರುಚಿ ಬಾಯಿ ಬಿಡುವುದಿಲ್ಲ. ನಾಲ್ಕನ್ನೂ ಬೆರೆಸು. ಅಪ್ಪ ನಿನ್ನ ಬೆನ್ನು ತಟ್ಟುತ್ತಿದ್ದ.

ಟೋಪಿ ಹೆಣೆಯುತ್ತಿದ್ದೇನೆ. ತಲೆಗೆ ಸರಿಹೋಗದಿದ್ದರೆ ಕೆಟಲಿಗೆ ಹಾಕಿಕೊ.

ಅಕ್ಕ


ಆಗಸ್ಟ್ 10

ಬೆರೆಸಬೇಡ. ನಾಲ್ಕನೆಯದನ್ನು ಬೇರೆ ಇಡು. ಅದು ವಿನೆಗರ್ ಆಗಿದೆ. ಕಾರಣ ಆಮೇಲೆ ಬರೆಯುತ್ತೇನೆ, ಈಗ ಏನೂ ಕೇಳಬೇಡ. ಎಕ್ಸ್‌ಪ್ರೆಸ್ ಅಂಚೆಯಲ್ಲಿ ಹಾಕುತ್ತಿದ್ದೇನೆ.

ಅಕ್ಕ


ಆಗಸ್ಟ್ 14

ಅಕ್ಕ,

ನಿನ್ನ ಚೀಟಿ ನಿನ್ನೆ ಬಂತು. ನಾವು 9ರಂದೇ ಬೆರೆಸಿದೆವು. ನಿನ್ನ ಹಿಂದಿನ ಪತ್ರ ಬೇಗ ಬಂದಿತ್ತು, ಬಾಟಲಿ ತುಂಬುವ ಯಂತ್ರವೂ ಖಾಲಿಯಿತ್ತು. "ಅಕ್ಕ ಹ್ಞೂಂ ಅಂದಮೇಲೆ ಇನ್ಯಾಕೆ ಕಾಯೋದು?" ಎಂದು ಯಜಮಾನತಿ ಕೇಳಿದರು. ನನಗೂ ಹಾಗೇ ಅನ್ನಿಸಿತು. ನಾಲ್ಕನೆಯದರ ಕೊಳವೆಯನ್ನು ನಾನೇ ಜೋಡಿಸಿದೆ.

11ರಂದು ಯಜಮಾನತಿ ಟ್ಯಾಂಕಿನಿಂದ ಒಂದು ಗ್ಲಾಸು ಹಿಡಿದರು. ಬಾಯಿಗಿಟ್ಟವರೇ ಚರಂಡಿಯ ಹತ್ತಿರ ಹೋಗಿ ಉಗಿದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ನೀವು ಕುಡಿದು ನೋಡಿದ್ರಾ?" ಎಂದು ಕೇಳಿದರು. ಹತ್ತು ಜನರ ಎದುರಿಗೆ. ನಾನು ನೋಡಿದ್ದೆ ಎಂದೆ. ಆ ದಿನ ಸಂಜೆಯವರೆಗೂ ಟ್ಯಾಂಕಿನ ಬಾಯಿ ತೆರೆದಿಟ್ಟು ಎಲ್ಲವನ್ನೂ ಹರಿಯಬಿಟ್ಟೆವು. ಹನ್ನೊಂದು ತಿಂಗಳ ಬಿಯರ್. ಕಪ್ಪು ನೊರೆ ಚರಂಡಿಯ ಜಾಲರಿಯ ಮೇಲೆ ಬಹಳ ಹೊತ್ತು ಕೂತಿತ್ತು.

ಜುಲೈ 30ರಂದು ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಹನ್ನೊಂದೇ ದಿನಕ್ಕೆ ನಿನ್ನ ಮನೆಯ ಮುಚ್ಚಿದ ಬಾಟಲಿಯಲ್ಲಿ ವಿನೆಗರ್ ಹೇಗಾಯಿತು? ಎರಡರಲ್ಲಿ ಯಾವುದನ್ನು ಬರೆದವಳು ನನ್ನ ಅಕ್ಕ?

ಕೇಳಬಾರದ್ದನ್ನು ಕೇಳುತ್ತಿದ್ದೇನೆ. ನೀನು ಕುಡಿದು ಬರೆದೆಯಾ? ಭಾವ ಹೋದ ವರ್ಷ ನೀನು ಹೇಗಿದ್ದೆ ಎಂದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ಅವರ ವರ್ಷದ ದಿನ ನಾನು ಬಂದಿದ್ದಾಗ ಸಿಂಕಿನ ಕೆಳಗಿನ ಬಾಟಲಿಗಳನ್ನು ಕಂಡಿದ್ದೆ. ಬಟ್ಟೆ ಸೋಪಿನ ಡಬ್ಬಿಯ ಹಿಂದೆ. ನಿನಗೆ ನೋವಾಗಬಾರದೆಂದು ಇಲ್ಲಿಯವರೆಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ.

ತಮ್ಮ


ಆಗಸ್ಟ್ 22

ನಿನ್ನ ಪತ್ರ ಕೈಗೆ ಬಂದು ನಾಲ್ಕು ದಿನವಾಯಿತು. ಮೊದಲ ದಿನ ಹರಿದು ಹಾಕಿದೆ. ಆಮೇಲೆ ತುಂಡುಗಳನ್ನು ಜೋಡಿಸಿ ಮತ್ತೆ ಓದಿದೆ.

ನಾನು ಕುಡಿದು ಬರೆಯಲಿಲ್ಲ. ಕುಡಿಯದೆ ಬರೆದೆ. ನೀನು ಕಳಿಸಿದ ಹನ್ನೆರಡು ಬಾಟಲಿಗಳಲ್ಲಿ ಒಂದು ಹನಿಯೂ ನನ್ನ ನಾಲಿಗೆಗೆ ತಾಗಿಲ್ಲ. ನಾನು ಬಿಟ್ಟು ಈ ತಿಂಗಳಿಗೆ ಒಂದೂವರೆ ವರ್ಷ. ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಎಲ್ಲರೂ ಓಡಾಡುವ ಹೊತ್ತಿನಲ್ಲಿ, ಮೆಟ್ಟಿಲ ಮೇಲೆ ಬಿದ್ದು ಏಳಲಾರದೆ ಕೂತಿದ್ದೆ. ಲಿಫ್ಟ್ ರಿಪೇರಿಯವರು ಎತ್ತಿ ಕೂರಿಸಿ, "ಲಿಫ್ಟು ಸರಿಯಾಗೈತಲ್ಲ ಮೇಡಂ, ಮೆಟ್ಲು ಯಾಕೆ ಹತ್ತೋಕ್ಹೋದ್ರಿ?" ಎಂದರು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಕೇಳಿದರು. ಆ ಮರ್ಯಾದೆಗೆ ನಾಚಿ ನಾನು ಬಿಟ್ಟೆ. ಮಂಗಳವಾರದ ಕೋಣೆಯಲ್ಲಿ ಹೆಣಿಗೆ ಕಲಿಸುವುದಿಲ್ಲ. ಕುಡಿತ ಬಿಟ್ಟವರು ಸುತ್ತ ಕೂತು ಇವತ್ತೂ ಕುಡಿಯಲಿಲ್ಲ ಎಂದು ಹೇಳಿಕೊಳ್ಳುತ್ತೇವೆ, ಅಷ್ಟೇ.

ನಿನಗೇಕೆ ಹೇಳಲಿಲ್ಲ? ಆ ನಾಲಿಗೆಯೊಂದೇ ನನಗಿದ್ದ ಹೆಸರು. ಅದನ್ನೂ ಬಿಟ್ಟರೆ ನೀನು ನನಗೆ ಯಾಕೆ ಪತ್ರ ಬರೆಯುತ್ತೀಯ ಎಂದು ಹೆದರಿದೆ. ನೀನು ನಿಯಮ ಮುರಿದು ನಿನ್ನ ಅನಿಸಿಕೆ ಬರೆದಾಗ ನಾನು ಬೈಯಬೇಕಿತ್ತು. ಬೈಯಲಿಲ್ಲ, ನನಗೆ ಅದೇ ಬೇಕಿತ್ತು. ನೀನು ವೆನಿಲಾ ಎಂದರೆ ನಾನೂ ವೆನಿಲಾ, ನೀನು ತೆಂಗು ಎಂದರೆ ನಾನೂ ತೆಂಗು. ಉಳಿದದ್ದು ಇಪ್ಪತ್ತೇಳು ವರ್ಷದ ಅಭ್ಯಾಸದ ಮಾತು, ನಿದ್ದೆಯಲ್ಲೂ ಬರೆಯಬಲ್ಲೆ. ಬಾಟಲಿಗಳು ಮುಚ್ಚಿದ ಹಾಗೇ ಕೆಳಮನೆಗೆ ಹೋಗುತ್ತಿದ್ದವು.

ಮೂಸಿಯಾದರೂ ನೋಡಬಹುದಿತ್ತು ಎನ್ನುತ್ತೀಯ. ನನ್ನ ಕೈ ನನಗೆ ಗೊತ್ತು. ಮೂಸಿದ ಮೇಲೆ ಅದು ಅಲ್ಲಿಗೇ ನಿಲ್ಲುವುದಿಲ್ಲ.

ಕೊನೆಯ ಸುತ್ತು ಬಂದಾಗ ಲಿಫ್ಟಿನವರು ಬೇರೆ ಊರಿನ ಕೆಲಸಕ್ಕೆ ಹೋಗಿದ್ದರು, ಪೆಟ್ಟಿಗೆಯನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ. ನಿನಗೆ ಅವಸರವಿತ್ತು, ಬರೆದು ಕಳಿಸಿಬಿಟ್ಟೆ. 3ರಂದು ಬಂದವರು ನನ್ನ ಅಡುಗೆಮನೆಯಲ್ಲೇ ನಾಲ್ಕನೆಯದನ್ನು ತೆಗೆದು ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದರು. "ಇದ್ಯಾಕೋ ವಿನೆಗರ್ ಇದ್ದಂಗೈತೆ" ಎಂದು ಗ್ಲಾಸು ಅಲ್ಲೇ ಬಿಟ್ಟುಹೋದರು. ಎಲ್ಲದಕ್ಕೂ ಗ್ರೀಸ್ ಎನ್ನುವ ಮನುಷ್ಯನಿಗೆ ಏನು ಗೊತ್ತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲು ತೆರೆದರೆ ಆ ಗ್ಲಾಸಿನ ವಾಸನೆ ತಾನಾಗಿ ನನ್ನ ಮೂಗಿಗೆ ಬಂತು. ಈ ಮೂಗಿಗೆ ಸಂಶಯ ಉಳಿಯಲಿಲ್ಲ.

ನಾಲ್ಕು ದಿನ ನಿನಗೆ ತಿಳಿಸಲಿಲ್ಲ. ಇದನ್ನು ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. 8ರ ಬೆಳಿಗ್ಗೆ ಬ್ರೂವರಿಗೆ ಫೋನ್ ಮಾಡಿದೆ. ಯಜಮಾನತಿ ಎತ್ತಿ, "ಓ, ಅಕ್ಕಾ! ನಿಮ್ಮ ಮಾತಿನ ಮೇಲೇ ಇಲ್ಲಿ ಎಲ್ಲಾ ನಡೀತಿದೆ. ತಮ್ಮನ್ನ ಕರೀಲಾ?" ಎಂದರು. ನಾನು ಫೋನ್ ಇಟ್ಟುಬಿಟ್ಟೆ. ನಿನ್ನ ಹನ್ನೊಂದು ತಿಂಗಳು ಹೋದದ್ದು ಆ ಕ್ಷಣದಲ್ಲಿ. ಬೆರೆಸಿದವನು ನೀನಲ್ಲ, ನಾನು.

ಈಗ ನನ್ನದೂ ಎರಡು ಪ್ರಶ್ನೆಗಳಿವೆ. ಸಿಂಕಿನ ಕೆಳಗಿನದನ್ನು ಕಂಡಿದ್ದೂ, ಎರಡು ತಿಂಗಳಿಗೊಮ್ಮೆ ನಾಲ್ಕು ನಾಲ್ಕು ಬಾಟಲಿ ನನ್ನ ಮನೆಗೆ ಹೇಗೆ ಕಳಿಸಿದೆ? ಮೊದಲ ಎರಡು ಪೆಟ್ಟಿಗೆ ಬಂದ ದಿನಗಳಲ್ಲಿ ನಾನು ಕೆಳಮನೆಯವರು ಬರುವವರೆಗೂ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ, ನನ್ನ ಮನೆಯೊಳಗೆ ಹೋಗಲು ನನಗೇ ಹೆದರಿಕೆ.

ಎರಡನೆಯದು. ಇಪ್ಪತ್ತು ವರ್ಷದಿಂದ ಬಿಯರ್ ಮಾಡುವವನು ನೀನು. ವಿನೆಗರನ್ನು ಬಾಯಲ್ಲಿಟ್ಟುಕೊಂಡು ವೆನಿಲಾ ಎಂದು ಹೇಗೆ ಬರೆದೆ? ಹಾಲು ಸೀದು ಮನೆ ತುಂಬ ಹೊಗೆಯಾದರೂ ಪಕ್ಕದವರು ಬಾಗಿಲು ಬಡಿಯುವವರೆಗೆ ನಿನಗೆ ಹೇಗೆ ಗೊತ್ತಾಗಲಿಲ್ಲ? ನಾನು ಆಗ ನಿದ್ದೆ ಎಂದುಕೊಂಡೆ. ಪೆದ್ದಿ ನಾನು.

ಅಕ್ಕ


ಅಕ್ಟೋಬರ್ 3

ಅಕ್ಕಾ,

ಇದನ್ನು ಐದು ವಾರದಿಂದ ಬರೆಯುತ್ತಿದ್ದೇನೆ.

ಕಳೆದ ನವೆಂಬರಿನಲ್ಲಿ ಜ್ವರ ಬಂದಿತ್ತಲ್ಲ, ನೆಗಡಿ ಎಂದು ನಿನಗೆ ಬರೆದಿದ್ದೆ. ಎದ್ದಾಗ ಮೂಗು ಇರಲಿಲ್ಲ. ಕಾಫಿಬೀಜದ ಡಬ್ಬಿಯೊಳಗೆ ಮುಖ ಇಟ್ಟೆ, ಏನೂ ಇಲ್ಲ. ಬೆಳ್ಳುಳ್ಳಿ ಜಜ್ಜಿದೆ, ಸೀಮೆಎಣ್ಣೆ ಮೂಸಿದೆ, ಒಗೆಯದ ಕಾಲುಚೀಲ ಮೂಸಿದೆ. ಒಂದೂ ಇಲ್ಲ. ಡಾಕ್ಟರು "ಬರಬಹುದು, ಬರದೇನೂ ಇರಬಹುದು" ಎಂದರು. ಬಿಯರ್ ಮಾಡುವವನಿಗೆ ಮೂಗಿಲ್ಲ ಎಂದು ಯಾರಿಗೆ ಹೇಳಲಿ? ನಾನು ನಿನಗೆ ಬರೆದ ಕಾಫಿ, ಕಾಕಂಬಿ, ವೆನಿಲಾ ಎಲ್ಲವೂ ಕುದಿಸುವಾಗ ಏನೇನು ಹಾಕಿದ್ದೆನೋ ಆ ಪಟ್ಟಿ ನೋಡಿ ಇರಬೇಕಾದದ್ದನ್ನು ಊಹಿಸಿದ್ದು. ನೀನು ಹೌದು ಎಂದಾಗಲೆಲ್ಲ ನನ್ನ ಮೂಗು ನಿನ್ನ ಮನೆಯಲ್ಲಿ ಸುರಕ್ಷಿತವಾಗಿದೆ ಎಂದು ಸಮಾಧಾನ ಮಾಡಿಕೊಂಡೆ. ನಿನ್ನಲ್ಲಿದ್ದದ್ದು ನನ್ನದೇ ಮಾತು ಎಂದು ಗೊತ್ತಿರಲಿಲ್ಲ.

ಇನ್ನೊಂದು ವಿಷಯ ಯಜಮಾನತಿಗೂ ಹೇಳಿಲ್ಲ. ಜುಲೈನಲ್ಲಿ ನಾಲ್ಕನೆಯದನ್ನು ಬಾಯಿಗಿಟ್ಟಾಗ ನಾಲಿಗೆಯ ಅಂಚಿಗೆ ಏನೋ ಚುಚ್ಚಿತು. ಸ್ಪಷ್ಟವಾಗಿ ಚುಚ್ಚಿತು. ಜ್ವರದ ನಂತರ ನಾಲಿಗೆಯೂ ನೆಟ್ಟಗಿಲ್ಲ, ಅದರ ಮಾತು ಕೇಳುವುದು ಬೇಡ ಎಂದುಕೊಂಡೆ. ಮೀಟರ್ ಹೇಳಿತು, ಅದನ್ನು ಕಪಾಟಿಗೆ ಹಾಕಿದೆ. ಆಮೇಲೆ ನಿನ್ನ ಪತ್ರ ಬಂತು.

ನಿನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ಕಂಡಿದ್ದೆ, ಗೊತ್ತಿತ್ತು, ಕಳಿಸಿದೆ. ಎರಡು ಗುಟುಕಿಗೆ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಕೆಲಸ ಉಳಿಸಿಕೊಳ್ಳಲು ನಿನ್ನನ್ನು ಅಪಾಯಕ್ಕೆ ತಳ್ಳಿದೆ.

ಯಜಮಾನತಿಗೆ ಮೂಗಿನ ವಿಷಯ ಹೇಳಿದೆ. "ಮೂಗು ಹೋಗಿದ್ದು ನಿಮ್ಮ ತಪ್ಪಲ್ಲ. ಹೇಳಿದ್ರೆ ನಾನೇ ಕುಡಿದು ನೋಡ್ತಿದ್ದೆ, ಒಂದು ಮಾತು ಹೇಳ್ಲಿಲ್ವಲ್ಲ" ಎಂದರು. ಕೆಲಸದಿಂದ ತೆಗೆಯಲಿಲ್ಲ. ಕುದಿಸುವ ಕೋಣೆಯ ಬೀಗದ ಕೈ ವಾಪಸು ತಗೊಂಡರು. ಈಗ ಬಾಟಲಿ ತೊಳೆಯುವ ಕಡೆ ಇದ್ದೇನೆ. ಹತ್ತನೆಯ ವರ್ಷದ ದಿನ ಎಲ್ಲರಿಗೂ ಮಾಮೂಲಿ ಬಿಯರ್ ಕೊಟ್ಟರು. ನಾನು ಹಿಂದುಗಡೆ ನಿಂತಿದ್ದೆ.

ವಿನೆಗರ್ ಹಿಡಿದ ಪೀಪಾಯಿಯನ್ನು ಬ್ರೂವರಿಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಉಳಿದವಕ್ಕೂ ಹರಡುತ್ತದೆ. ಅಪ್ಪನ ಪೀಪಾಯಿಯ ಕಬ್ಬಿಣದ ಪಟ್ಟಿಗಳನ್ನು ನಾನೇ ಬಡಿದು ಬಿಚ್ಚಿದೆ. ಮೂವತ್ತೊಂದು ಹಲಗೆ. ಮೂವತ್ತನ್ನು ಬಾಯ್ಲರಿಗೆ ಹಾಕಿದರು. ಒಂದನ್ನು ಕೇಳಿ ಇಟ್ಟುಕೊಂಡೆ. ತೊಳೆದು, ಹತ್ತು ದಿನ ಬಿಸಿಲಿಗಿಟ್ಟು, ಈ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಬೇರೇನೂ ಇಲ್ಲ, ಹೆದರದೆ ತೆರೆ. ತೆರೆಯಲು ಮನಸ್ಸಿಲ್ಲದಿದ್ದರೆ ಬಿಸಾಡು.

ತೆರೆದರೆ ಒಂದು ಮಾತು ಬರೆ. ಅದರಲ್ಲಿ ಅಪ್ಪನ ವಾಸನೆ ಏನಾದರೂ ಉಳಿದಿದೆಯಾ? ನಾನು ದಿನಾ ಮೂಸಿ ನೋಡಿದೆ. ನನಗೆ ಗೊತ್ತಾಗುವುದಿಲ್ಲ. ಈ ಸಲ ನನ್ನ ಅನಿಸಿಕೆ ಬರೆಯುತ್ತಿಲ್ಲ.

ತಮ್ಮ


ಅಕ್ಟೋಬರ್ 17

ನನ್ನ ಗೊಣಗಾ,

ಪೆಟ್ಟಿಗೆಯನ್ನು ಎರಡು ದಿನ ಕೆಳಮನೆಯಲ್ಲಿ ಇಟ್ಟಿದ್ದೆ. ಇವತ್ತು ಲಿಫ್ಟಿನವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತೆರೆದೆ. "ಮರದ್ ತುಂಡಿಗೆ ಯಾಕೆ ಮೇಡಂ ಇಷ್ಟು ಭಯ?" ಎಂದರು. ಭಯ ಇತ್ತು. ಹಳೆಯ ವಿಸ್ಕಿಯ ಮರ ಅದು, ನನಗೆ ಅದರ ಸಹವಾಸ ಬೇಡ. ಆದರೂ ತೆರೆದೆ, ಬರೀ ಬಿಸ್ಕತ್ತು ತಿಂದು, ಕೈಗೆ ಸೋಪು ತಾಗಿಸದೆ, ಕಿಟಕಿಯ ಪಕ್ಕದಲ್ಲಿ. ಈ ಸಲ ನಿಜವಾಗಿಯೂ.

ಕೇಳು. ಮೊದಲು ಬರುವುದು ವಿನೆಗರ್, ಚೂಪಾಗಿದೆ, ಕಣ್ಣಿಗೂ ತಾಗುತ್ತದೆ. ಅದರ ಕೆಳಗೆ ಒದ್ದೆ ಗೋಣಿಚೀಲ. ಇನ್ನೂ ಕೆಳಗೆ ಹೋದರೆ ಬರೀ ಒಣಮರ. ಉಗುರಿನಿಂದ ಕೆರೆದು ನೋಡಿದೆ, ಅಂಗೈಯಲ್ಲಿ ಹಿಡಿದು ಬಿಸಿ ಮಾಡಿ ನೋಡಿದೆ. ಅಪ್ಪನ ತೋಳಿನ ಹೊಟ್ಟಿನ ವಾಸನೆ ಸಣ್ಣಗೆ ಉಳಿದಿದೆ ಎಂದು ಬರೆಯಲು ಪೆನ್ನು ಎತ್ತಿದ್ದೆ. ನೀನು ಅದನ್ನು ನಂಬುತ್ತಿದ್ದೆ, ನನಗೂ ಬರೆಯಲು ಬರುತ್ತಿತ್ತು. ಅಪ್ಪ ಅದರಲ್ಲಿ ಇಲ್ಲ ಕಣೋ. ಇದ್ದಿದ್ದರೆ ಹೇಳುತ್ತಿದ್ದೆ.

ಅತ್ತುಬಿಟ್ಟೆ. ಲಿಫ್ಟಿನವರು ನೀರು ತಂದುಕೊಟ್ಟರು. ಅವರು ಹೋದ ಮೇಲೆ ನಿನ್ನ ಪತ್ರವನ್ನು ಮತ್ತೆ ಓದಿದೆ, ಜುಲೈನಲ್ಲಿ ನಾಲಿಗೆಯ ಅಂಚಿಗೆ ಏನೋ ಚುಚ್ಚಿತು ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದು ನಿಂತುಬಿಟ್ಟೆ. ಗೊಣಗಾ, ವಿನೆಗರ್ ಚುಚ್ಚುವುದು ಅಲ್ಲೇ. ನನ್ನ ರುಚಿ ಕೋಣೆಗೆ ಹೊಸದಾಗಿ ಬಂದವರಿಗೆ ಮೊದಲ ದಿನ ನಾನು ಹೇಳಿಕೊಡುತ್ತಿದ್ದದ್ದು ಅದನ್ನೇ. ಮೂಗು ಹೋಗಿರಬಹುದು. ನಾಲಿಗೆ ಹೋಗಿಲ್ಲ. ನಮ್ಮಿಬ್ಬರ ಅಷ್ಟು ಪತ್ರಗಳ ನಡುವೆ ನಿಜ ಹೇಳಿದ್ದು ಅದೊಂದೇ, ಅದರ ಬಾಯಿ ಮುಚ್ಚಿಸಿದ್ದು ನಾನು.

ನೀನು ಬಾಟಲಿಗಳನ್ನು ಕಳಿಸಿದ್ದನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ನೀನೂ ಆ ಫೋನ್ ಕರೆಯನ್ನು ಇಷ್ಟು ಬೇಗ ಕ್ಷಮಿಸಬೇಡ. ಟೋಪಿ ಇದರ ಜೊತೆ ಇದೆ. ಸುಳ್ಳು ಹೇಳಿದ ಮೇಲೆ ಹೆಣೆಯಲೇಬೇಕಾಯಿತು. ಮಂಗಳವಾರದ ಕೋಣೆಯಲ್ಲೇ ಕೂತು ಹೆಣೆದೆ. ಒಂದು ಕಡೆ ಕಿವಿ ಮುಚ್ಚುತ್ತದೆ, ಇನ್ನೊಂದು ಕಡೆ ಮುಚ್ಚುವುದಿಲ್ಲ.

ನಾಳೆ ಬೆಳಿಗ್ಗೆ ಏನೂ ತಿನ್ನುವ ಮೊದಲು ಆರು ಲೋಟಗಳಲ್ಲಿ ನೀರು ತಗೊ. ಎರಡಕ್ಕೆ ನಿಂಬೆರಸ, ಒಂದಕ್ಕೆ ಉಪ್ಪು, ಒಂದಕ್ಕೆ ಸಕ್ಕರೆ, ಒಂದಕ್ಕೆ ಕಡು ಚಹದ ನೀರು, ಒಂದಕ್ಕೆ ಏನೂ ಬೇಡ. ಪಕ್ಕದ ಮನೆಯವರನ್ನು ಕರೆದು ಅದಲುಬದಲು ಮಾಡಿಸು. ಕಣ್ಣು ಮುಚ್ಚಿ ಒಂದೊಂದನ್ನೇ ಬಾಯಿಗಿಟ್ಟು, ಏನು ಸಿಕ್ಕಿತೋ ಅದನ್ನು ನಿನ್ನ ಪುಸ್ತಕದಲ್ಲಿ ನೀನೇ ಬರೆ. ತಪ್ಪಿದರೂ ಹೊಡೆದು ಹಾಕದೆ ಹಾಗೇ ಕಳಿಸು. ನಾನು ಮೊದಲು ಏನೂ ಹೇಳುವುದಿಲ್ಲ.

ಅಕ್ಕ